ಬಿಟ್ಟುಹೋದ ಜಪಾನೀಸ್ ಮತ್ತೆ ಹಿಡಿಯೋರಿಗೆ ಆಂಕಿ ಹೇಗಿದೆ?

ಹೊಸದಾಗಿ ಜಪಾನೀಸ್ ಕಲಿಯೋದಕ್ಕೆ ಒಂದು ಆ್ಯಪ್ ಹೇಳಿ ಅಂದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಆದರೆ ಒಂದಷ್ಟು ಕಲಿತು, ಕೆಲಸ, ಮದುವೆ, ಮನೆ ಅಂತ ವರ್ಷಗಟ್ಟಲೆ ಬಿಟ್ಟು, ಈಗ ಮತ್ತೆ ಶುರು ಮಾಡಬೇಕು ಅನ್ನೋರಿಗೆ ಯಾವುದು ಸರಿ ಅಂತ ಬರೆಯೋರು ಕಡಿಮೆ. ನಾನು ಆ ಗುಂಪಿನವಳು. ಜೆಎಲ್‌ಪಿಟಿ ಅನ್ನೋ ಜಪಾನೀಸ್ ಪರೀಕ್ಷೆಯಲ್ಲಿ ಎನ್4 ಹಂತ ಪಾಸಾಗಿತ್ತು, ಆಮೇಲೆ ಪುಸ್ತಕ ಮುಟ್ಟಿರಲಿಲ್ಲ. ಈಗ ಅದರ ಮುಂದಿನ ಹಂತ ಎನ್3 ಬರೆಯಬೇಕು ಅಂತ ಕೂತಿದ್ದೇನೆ. ಹೀಗೆ ವಾಪಸ್ ಬಂದಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಆಂಕಿ. ಹಾಕಿಕೊಂಡ ಹಾಗೇ ಬಳಸಿದರೆ ನಮ್ಮಂಥವರಿಗೆ ಅದು ಕಷ್ಟ. ಎರಡು ಮೂರು ಕಡೆ ಸೆಟ್ಟಿಂಗ್ ಬದಲಾಯಿಸಿಕೊಂಡರೆ ಇದಕ್ಕಿಂತ ಒಳ್ಳೇದು ನಾನಂತೂ ಕಂಡಿಲ್ಲ.

ಗೊತ್ತಿಲ್ಲದೋರಿಗೆ ಒಂದು ಮಾತು. ಆಂಕಿ ಫ್ಲ್ಯಾಶ್‌ಕಾರ್ಡ್ ಸಾಫ್ಟ್‌ವೇರ್. ಡೇಮಿಯನ್ ಎಲ್ಮ್ಸ್ ಅನ್ನೋರು ತಾವೇ ಜಪಾನೀಸ್ ಕಲಿಯೋದಕ್ಕೆ ಅಂತ ಮಾಡಿಕೊಂಡದ್ದು, 2006ರಲ್ಲಿ ಹೊರಗೆ ಬಂತು. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ನೋಡಿ ಅಗೇನ್, ಹಾರ್ಡ್, ಗುಡ್, ಈಸಿ ಅನ್ನೋ ನಾಲ್ಕರಲ್ಲಿ ಒಂದು ಬಟನ್ ಒತ್ತಬೇಕು. ಆ ಕಾರ್ಡ್ ನಾಳೆ ಬರಬೇಕೋ ಮುಂದಿನ ತಿಂಗಳು ಬರಬೇಕೋ ಅಂತ ಅದೇ ಲೆಕ್ಕ ಹಾಕುತ್ತದೆ. ಅಷ್ಟೇ.

ವರ್ಷಗಳ ನಂತರ ಹಳೇ ಡೆಕ್, ಅಂದರೆ ಕಾರ್ಡ್‌ಗಳ ಕಟ್ಟು, ತೆರೆದರೆ ಮೊದಲು ಕಾಣೋದು ಸಾವಿರಾರು ಕಾರ್ಡ್ ಬಾಕಿ ಇದೆ ಅನ್ನೋ ಸಂಖ್ಯೆ. ಎಷ್ಟೋ ಜನ ಅದನ್ನು ನೋಡಿದ ತಕ್ಷಣ ಇಡೀ ಡೆಕ್ ಅಳಿಸಿ, ಮತ್ತೆ ಹಿರಗಾನಾ ಅನ್ನೋ ಮೊದಲ ಅಕ್ಷರಮಾಲೆಯಿಂದ ಶುರು ಮಾಡುತ್ತಾರೆ. ದಯವಿಟ್ಟು ಅಳಿಸಬೇಡಿ. ಆ ಹಳೇ ಡೆಕ್ಕಿನೊಳಗೆ ನೀವು ಯಾವ ಪದವನ್ನು ಯಾವತ್ತು ನೋಡಿದಿರಿ, ಎಷ್ಟು ಸಲ ತಪ್ಪಿದಿರಿ ಅನ್ನೋ ಪೂರ್ತಿ ದಾಖಲೆ ಇರುತ್ತದೆ, ಮತ್ತು ವಾಪಸ್ ಬಂದೋರಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ. 2023ರಲ್ಲಿ ಆಂಕಿಗೆ ಎಫ್‌ಎಸ್‌ಆರ್‌ಎಸ್ ಅನ್ನೋ ಹೊಸ ಲೆಕ್ಕಾಚಾರ ಸೇರಿತು. ಡೆಕ್ ಆಪ್ಷನ್ಸ್‌ನಲ್ಲಿ ಅದನ್ನು ಆನ್ ಮಾಡಿ ಆಪ್ಟಿಮೈಸ್ ಒತ್ತಿದರೆ ನಿಮ್ಮ ಹಳೇ ದಾಖಲೆ ಓದಿ, ನಿಮ್ಮ ಮರೆವಿನ ವೇಗ ಎಷ್ಟು ಅಂತ ಅಂದಾಜು ಮಾಡಿಕೊಳ್ಳುತ್ತದೆ.

ಇದರಿಂದ ಏನು ಉಪಯೋಗ ಅಂದರೆ, ನಡುವೆ ಬಿಟ್ಟ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ತಿಂಗಳಿಗೊಮ್ಮೆ ಬರಬೇಕಿದ್ದ ಪದವೊಂದನ್ನು ನಾಲ್ಕು ವರ್ಷ ಆದಮೇಲೆ ನೋಡುತ್ತೀರಿ, ಆದರೂ ಅರ್ಥ ಹೊಳೆಯುತ್ತದೆ ಅಂದುಕೊಳ್ಳಿ. ಅಂದರೆ ಆ ಪದ ಗಟ್ಟಿಯಾಗಿ ಕೂತಿದೆ ಅಂತ ತಾನೇ. ಗುಡ್ ಒತ್ತಿದರೆ ಅದು ಬಹಳ ದೂರಕ್ಕೆ ಹೋಗುತ್ತದೆ, ಸದ್ಯಕ್ಕೆ ನಿಮ್ಮ ತಂಟೆಗೆ ಬರೋದಿಲ್ಲ. ತಪ್ಪಿದ್ದು ಮಾತ್ರ ಹತ್ತಿರ ಉಳಿಯುತ್ತದೆ. ಹೀಗೆ ಗೊತ್ತಿರೋದು, ಮರೆತದ್ದು ತಾನಾಗಿ ಬೇರೆ ಬೇರೆ ಆಗುತ್ತದೆ. ಮಿನ್ನಾ ನೊ ನಿಹೊಂಗೊ ಪಠ್ಯಪುಸ್ತಕವನ್ನು ಮೊದಲ ಪಾಠದಿಂದ ಮತ್ತೆ ಓದಿದರೆ ಇದು ಆಗೋದಿಲ್ಲ, ಗೊತ್ತಿರೋದನ್ನೂ ಗೊತ್ತಿಲ್ಲದ್ದನ್ನೂ ಒಂದೇ ವೇಗದಲ್ಲಿ ಓದಬೇಕಾಗುತ್ತದೆ.

ನನ್ನಲ್ಲಿ ಏನು ಉಳಿದಿತ್ತು, ಏನು ಹೋಗಿತ್ತು ಅನ್ನೋದು ಒಂದೆರಡು ವಾರದಲ್ಲೇ ಗೊತ್ತಾಯಿತು. ಆಸ್ಪತ್ರೆ ಅನ್ನೋದಕ್ಕೆ ಬ್ಯೋಇನ್ ಥಟ್ಟನೆ ಬಂತು. ಬ್ಯೂಟಿ ಪಾರ್ಲರ್ ಅನ್ನೋದಕ್ಕೆ ಬಿಯೋಇನ್ ಬರಲಿಲ್ಲ. ವ್ಯಾಕರಣದ ಚೌಕಟ್ಟು ಹಾಗೇ ಇತ್ತು. ಎಣಿಕೆ ಪೂರ್ತಿ ಹೋಗಿತ್ತು. ಉದ್ದನೆ ವಸ್ತು ಎಣಿಸೋ ಇಪ್ಪೊನ್, ನಿಹೊನ್, ಸಂಬೊನ್, ಆಮೇಲೆ ತಾರೀಕುಗಳು. ನಾಲ್ಕನೇ ತಾರೀಕು ಯೊಕ್ಕಾ, ಎಂಟನೇ ತಾರೀಕು ಯೋಕಾ. ಕನ್ನಡದ ಕಿವಿಗೆ ಒತ್ತಕ್ಷರವೂ ದೀರ್ಘವೂ ಸ್ಪಷ್ಟವಾಗಿ ಕೇಳುತ್ತದೆ. ಯಾವುದು ನಾಲ್ಕು ಯಾವುದು ಎಂಟು ಅನ್ನೋದನ್ನು ಮಾತ್ರ ಆಂಕಿಯೇ ಮತ್ತೆ ಕಲಿಸಿತು.

ಸೆಟ್ಟಿಂಗ್ ಹೀಗೆ ಇಟ್ಟುಕೊಳ್ಳಿ. ಬಾಕಿ ಕರಗೋವರೆಗೆ ಹೊಸ ಕಾರ್ಡ್ ಸೊನ್ನೆ. ದಿನದ ರಿವ್ಯೂ, ಅಂದರೆ ಹಳೇ ಕಾರ್ಡ್ ಮತ್ತೆ ನೋಡೋದರ ಮಿತಿ 200 ಅಂತ ಇರುತ್ತದೆ, ಅದನ್ನು 50ಕ್ಕೋ 60ಕ್ಕೋ ಇಳಿಸಿ. ರಿವ್ಯೂ ಸಾರ್ಟ್ ಆರ್ಡರ್‌ನಲ್ಲಿ ಡಿಸೆಂಡಿಂಗ್ ರಿಟ್ರೀವಬಿಲಿಟಿ ಆರಿಸಿ. ಆಗ ನೆನಪಿರೋ ಸಾಧ್ಯತೆ ಜಾಸ್ತಿ ಇರೋ ಕಾರ್ಡ್‌ಗಳು ಮೊದಲು ಬರುತ್ತವೆ, ಬಾಕಿ ಬೇಗ ಇಳಿಯುತ್ತದೆ, ಮೊದಲ ದಿನಗಳಲ್ಲಿ ಮನಸ್ಸಿಗೂ ಧೈರ್ಯ ಬರುತ್ತದೆ. ಡಿಸೈರ್ಡ್ ರಿಟೆನ್ಷನ್, ಅಂದರೆ ನೂರಕ್ಕೆ ಎಷ್ಟು ನೆನಪಿರಬೇಕು ಅನ್ನೋದು, 90% ಅಂತ ಇರುತ್ತದೆ, 85ಕ್ಕೆ ಇಳಿಸಿದರೆ ದಿನದ ಕೆಲಸ ಕಣ್ಣಿಗೆ ಕಾಣೋಷ್ಟು ಕಡಿಮೆಯಾಗುತ್ತದೆ. ಎಂಟು ಸಲ ಮರೆತ ಕಾರ್ಡಿಗೆ ಅದೇ ಲೀಚ್ ಅಂತ ಗುರುತು ಹಾಕುತ್ತದೆ. ಅಂಥದ್ದನ್ನು ಸುಮ್ನೆ ಎಳೆದಾಡಬೇಡಿ, ಸಸ್ಪೆಂಡ್ ಮಾಡಿ, ಆಮೇಲೆ ಒಂದು ಒಳ್ಳೆ ವಾಕ್ಯದೊಳಗೆ ಇಟ್ಟು ಹೊಸದಾಗಿ ಬರೆಯಿರಿ.

ಹಳೇ ಡೆಕ್ ಸಿಗುತ್ತಿಲ್ಲವಾ? ಬಹಳ ಕಾಲ ಮುಟ್ಟದ ಖಾತೆಯ ಡೇಟಾ ಆಂಕಿಯ ಆನ್‌ಲೈನ್ ಸೇವೆಯಾದ ಆಂಕಿವೆಬ್‌ನಲ್ಲಿ ಅಳಿಸಿಹೋಗಿರಬಹುದು. ಆಗ ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್ ಫೋಲ್ಡರ್ ಇದೆಯಾ ಅಂತ ಹುಡುಕಿ. ಅಲ್ಲೂ ಇಲ್ಲ ಅಂದರೆ ಕೈಶಿ 1.5ಕೆ ಅನ್ನೋ ಉಚಿತ ಡೆಕ್ ಇಳಿಸಿಕೊಳ್ಳಿ. ಹೆಚ್ಚು ಬಳಕೆಯ ಸುಮಾರು 1,500 ಪದಗಳು, ಪ್ರತಿಯೊಂದಕ್ಕೂ ವಾಕ್ಯ, ಆಡಿಯೊ ಇದೆ.

ಈ ಡೆಕ್‌ಗಳಲ್ಲಿ ಅರ್ಥ ಇಂಗ್ಲಿಷಿನಲ್ಲಿರುತ್ತದೆ. ಪದಕ್ಕೆ ಅದು ಸಾಕು. ವ್ಯಾಕರಣಕ್ಕೆ ಮಾತ್ರ ನಿಮ್ಮ ಕಾರ್ಡ್ ನೀವೇ ಮಾಡಿ, ಹಿಂದೆ ಕನ್ನಡ ಬರೆಯಿರಿ. ಆಂಕಿ ನನಗೆ ಇಷ್ಟೊಂದು ಇಷ್ಟವಾಗೋದಕ್ಕೆ ನಿಜವಾದ ಕಾರಣ ಇದು. ತಬೆತೆ ಮಿರು ಅಂದರೆ ತಿಂದು ನೋಡು. ತಬೆತೆ ಶಿಮತ್ತಾ ಅಂದರೆ ತಿಂದುಬಿಟ್ಟೆ. ತ್ಸುಕುತ್ತೆ ಒಕು ಅಂದರೆ ಮಾಡಿಡು. ಮಿರು ಅನ್ನೋದು ನೋಡು, ಒಕು ಅನ್ನೋದು ಇಡು, ಪದಕ್ಕೆ ಪದ ಕೂರುತ್ತದೆ. ದಾರೆಕಾ ಯಾರೋ, ದಾರೆಮೊ ಯಾರೂ, ಮತ್ತೆ ದಾರೆಮೊ ಬಂದರೆ ನಮ್ಮ ಯಾರೂ ಥರವೇ ವಾಕ್ಯದ ಕೊನೆಗೆ ಇಲ್ಲ ಬರಬೇಕು. ಇಂಗ್ಲಿಷ್ ವಿವರಣೆಯಲ್ಲಿ ಒಂದೊಂದಕ್ಕೂ ಅರ್ಧ ಪುಟ ಬೇಕಾಗೋದು ಕನ್ನಡದಲ್ಲಿ ಒಂದು ಸಾಲಿಗೆ ಮುಗಿಯುತ್ತದೆ, ಕ್ರಿಯಾಪದ ಕೊನೆಗೇ ಬರೋದರಿಂದ ವಾಕ್ಯವನ್ನು ಹಿಂದುಮುಂದು ಮಾಡಿಕೊಂಡು ಯೋಚಿಸೋ ಕೆಲಸವೂ ತಪ್ಪುತ್ತದೆ. ಕನ್ನಡ ಬಲ್ಲೋರು ಈ ಅನುಕೂಲ ಬಿಟ್ಟು ಇಂಗ್ಲಿಷಿನ ಮೂಲಕ ಸುತ್ತಿಕೊಂಡು ಹೋಗೋದು ನನಗೆ ನಿಜಕ್ಕೂ ಬೇಜಾರಿನ ವಿಷಯ. ರೆಡಿಮೇಡ್ ಆ್ಯಪ್‌ಗಳಲ್ಲಿ ಉತ್ತರದ ಭಾಷೆ ಅವರು ಕೊಟ್ಟದ್ದೇ. ಆಂಕಿಯಲ್ಲಿ ಕಾರ್ಡ್ ನಿಮ್ಮದು, ಏನು ಬೇಕಾದರೂ ಬರೆಯಬಹುದು.

ಈಗ ಕೊರತೆಗಳು. ನೋಡೋದಕ್ಕೆ ಚೆನ್ನಾಗಿಲ್ಲ, ಮೆನುಗಳು ಗೊಂದಲ. ಅದು ಪಾಠ ಹೇಳಿಕೊಡೋದಿಲ್ಲ, ನೆನಪಿಡಿಸುತ್ತದೆ ಅಷ್ಟೇ. ಕಂಪ್ಯೂಟರಿಗೆ ಉಚಿತ, ಆಂಡ್ರಾಯ್ಡ್‌ಗೆ ಸ್ವಯಂಸೇವಕರು ಮಾಡಿರುವ ಆಂಕಿಡ್ರಾಯ್ಡ್ ಕೂಡ ಉಚಿತ. ಐಫೋನಿಗೆ ಮಾತ್ರ ಸುಮಾರು 25 ಡಾಲರ್, ಆದರೆ ಒಂದೇ ಸಲ ಕೊಟ್ಟರೆ ಸಾಕು. ಇದೇ ಥರ ಹೆಸರಿಟ್ಟುಕೊಂಡ ಬೇರೆ ಆ್ಯಪ್‌ಗಳೂ ಸ್ಟೋರ್‌ನಲ್ಲಿವೆ, ನೋಡಿ ಇಳಿಸಿಕೊಳ್ಳಿ.

ನಮ್ಮ ಕಡೆ ಫೋನ್‌ಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಫೋನಿನ ಭಾಷೆಗಳ ಪಟ್ಟಿಯಲ್ಲಿ ಜಪಾನೀಸ್ ಇಲ್ಲದಿದ್ದರೆ ಕೆಲವು ಕಾಂಜಿಗಳು, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು, ಚೀನೀ ರೂಪದಲ್ಲಿ ಕಾಣುತ್ತವೆ. ನೇರ ಅನ್ನೋ ಅರ್ಥದ ಕಾಂಜಿ, ಮೂಳೆಯ ಕಾಂಜಿ ತೆಗೆದು ಪುಸ್ತಕದ ಜೊತೆ ಹೋಲಿಸಿ ನೋಡಿ, ಗೆರೆಗಳೇ ಬೇರೆ ಇರುತ್ತವೆ. ಚೀನೀ ರೂಪಕ್ಕೂ ಜಪಾನೀಸ್ ರೂಪಕ್ಕೂ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿನ ಅಕ್ಷರ ಪಟ್ಟಿಯಲ್ಲಿ, ಒಂದೇ ಸಂಕೇತ ಇರೋದು ಇದಕ್ಕೆ ಕಾರಣ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಗೆ ಜಪಾನೀಸ್ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೈಬರಹ ಅಭ್ಯಾಸ ಮಾಡೋರು ಇದನ್ನು ಮೊದಲ ದಿನವೇ ಮಾಡಿ.

ಕಾಂಜಿ ಕಲಿಸೋ ವೆಬ್‌ಸೈಟ್ ವಾನಿಕಾನಿ ಜೊತೆ ಹೋಲಿಸಿ ಅಂತ ಕೇಳೋರಿದ್ದಾರೆ. ಅದು ಚೆಂದ, ಸೆಟ್ಟಿಂಗ್ ತಲೆನೋವಿಲ್ಲ, 60 ಲೆವೆಲ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಕಾಂಜಿ, ಮೊದಲ ಮೂರು ಲೆವೆಲ್ ಉಚಿತ. ಆದರೆ ಹೊಸ ಖಾತೆ ಮಾಡಿದರೆ ಮುನ್ನೂರು ಕಾಂಜಿ ಗೊತ್ತಿದ್ದೋರೂ ಇಚಿ, ನಿ, ಸನ್ (ಒಂದು, ಎರಡು, ಮೂರು) ಇಂದಲೇ ಹತ್ತಬೇಕು, ಹಾರಿ ಮುಂದೆ ಹೋಗೋ ದಾರಿ ಇಲ್ಲ. ನೆನಪಿನ ಕಥೆಗಳೆಲ್ಲ ಇಂಗ್ಲಿಷ್ ಉಚ್ಚಾರಣೆ ಮೇಲೆ ಕಟ್ಟಿದವು. ಹೊಸಬರಿಗೆ ಹೇಳುತ್ತೇನೆ, ವಾಪಸ್ ಬಂದೋರಿಗೆ ಹೇಳೋದಿಲ್ಲ.

ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಹಳೇ ಎನ್4 ಪ್ರಮಾಣಪತ್ರಕ್ಕೆ ಅವಧಿ ಮುಗಿಯೋದು ಅಂತಿಲ್ಲ, ಆದ್ದರಿಂದ ಅದನ್ನೇ ಮತ್ತೆ ಬರೆಯೋ ಅಗತ್ಯ ಇಲ್ಲ, ನೇರ ಎನ್3ಗೆ ಹೋಗಬಹುದು. ಆಂಕಿಯ ಜೊತೆ ಕೇಳೋ ಅಭ್ಯಾಸಕ್ಕೆ ಜಪಾನ್ ಫೌಂಡೇಶನ್‌ನ ಇರೊದೊರಿ ಇಟ್ಟುಕೊಳ್ಳಿ. ಮೂರು ಪುಸ್ತಕ, ಒಂದೊಂದರಲ್ಲಿ 18 ಪಾಠ, ಪಿಡಿಎಫ್ ಆಡಿಯೊ ಎರಡೂ ಉಚಿತ. ಎನ್4 ಮಾಡಿದೋರು ಮೂರನೇ ಪುಸ್ತಕದಿಂದ ಹಿಡಿದರೆ ಸಾಕು.

ಒಂದು ವೇಳೆ ನಿಮಗೆ ಪರೀಕ್ಷೆ ಬೇಡ, ಎರಡು ತಿಂಗಳಲ್ಲಿ ಒಸಾಕಾಕ್ಕೋ ನಗೋಯಾಕ್ಕೋ ಕೆಲಸಕ್ಕೆ ಹೊರಟಿದ್ದೀರಿ, ಮಾತು ಬೇಗ ವಾಪಸ್ ಬರಬೇಕು ಅಂದರೆ ಆಂಕಿಯ ಸಹವಾಸ ಸದ್ಯಕ್ಕೆ ಬೇಡ. ಇರೊದೊರಿ ಆಡಿಯೊ ಹಾಕಿ, ಅವರ ಜೊತೆಗೇ ಜೋರಾಗಿ ಹೇಳಿ. ಡೆಕ್ ಅಲ್ಲೇ ಇರಲಿ, ಹೋಗಿ ಮುಟ್ಟಿದಮೇಲೆ ತೆರೆಯಬಹುದು.