ಬೆಲ್ಟ್ ಕಾರು, ಚೈನ್ ಕಾರು: ದೇವಿಮನೆ ಘಟ್ಟದ ದಾರಿಯಲ್ಲಿ ಕಂಡದ್ದು

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುವುದು ನಮ್ಮ ಮನೆಯ ವಾಡಿಕೆಯ ಓಡಾಟ. ಈ ದಾರಿಯಲ್ಲಿ ನಾನು ಮೊದಲು ಎಂಟು ವರ್ಷ ಟೈಮಿಂಗ್ ಬೆಲ್ಟ್ ಇರುವ 1,086 ಸಿಸಿಯ ಸ್ಯಾಂಟ್ರೋ ಓಡಿಸಿದೆ. ಅದನ್ನು ಮಾರಿ, ಚೈನ್ ಇರುವ 998 ಸಿಸಿಯ ವ್ಯಾಗನ್ ಆರ್ ತೆಗೆದುಕೊಂಡ ಮೇಲೆ ಇದು ಏಳನೆಯ ಮಳೆಗಾಲ. ಬೆಲ್ಟ್ ಎಂದರೆ ತಲೆನೋವು, ಚೈನ್ ಎಂದರೆ ಎಂಜಿನ್ ಇರುವ ತನಕ ಚಿಂತೆಯಿಲ್ಲ ಎಂಬ ಮಾತು ನಮ್ಮ ಕಡೆ ಬಹಳ ಜನರ ಬಾಯಲ್ಲಿದೆ. ಅದರಲ್ಲಿ ಮೊದಲರ್ಧವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಎರಡನೆಯ ಅರ್ಧವನ್ನು ನಂಬುವುದು ಅಪಾಯ.

ಎರಡರ ಕೆಲಸವೂ ಒಂದೇ: ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟನ್ನು, ವಾಲ್ವ್‌ಗಳನ್ನು (ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳನ್ನು) ತೆರೆಯುವ ಕ್ಯಾಮ್‌ಶಾಫ್ಟಿಗೆ ಜೋಡಿಸುವುದು. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಘಟ್ಟ ಹತ್ತುತ್ತಿದ್ದರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ಹೊಂದಾಣಿಕೆ ತಪ್ಪಿದರೆ, ಅನೇಕ ಎಂಜಿನ್‌ಗಳಲ್ಲಿ, ತೆರೆದುಕೊಂಡೇ ಉಳಿದ ವಾಲ್ವ್‌ಗೆ ಮೇಲೆ ಬರುವ ಪಿಸ್ಟನ್ ಬಡಿಯುತ್ತದೆ. ನಮ್ಮ ಭಾವನ ಹಳೆಯ ಡೀಸೆಲ್ ಕಾರಿನಲ್ಲಿ ಆದದ್ದು ಇದೇ. ಯಾವ ಸದ್ದೂ ಇಲ್ಲದೆ, ಯಾವ ದೀಪವೂ ಹತ್ತದೆ, ಬಂಡಲದ ಹತ್ತಿರ ಬೆಲ್ಟ್ ಕಡಿದು ಎಂಜಿನ್ ನಿಂತಿತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದಾಗ ಎಂಟು ವಾಲ್ವ್‌ಗಳಲ್ಲಿ ಐದು ಬಾಗಿದ್ದವು. ಸೆಕೆಂಡ್ ಹ್ಯಾಂಡ್ ಕೊಂಡ ಆ ಕಾರಿನ ಬೆಲ್ಟನ್ನು ಹಿಂದಿನವರು ಯಾವಾಗ ಬದಲಿಸಿದ್ದರೆಂದು ಭಾವ ಕೇಳಿರಲಿಲ್ಲ, ಮಾರಿದವರೂ ಹೇಳಿರಲಿಲ್ಲ.

ಅದನ್ನು ಕಣ್ಣಾರೆ ಕಂಡಿದ್ದರಿಂದ ನಾನು ಸ್ಯಾಂಟ್ರೋದ ಬೆಲ್ಟನ್ನು ಕಿಲೋಮೀಟರ್ ನೋಡದೆ ವರ್ಷ ನೋಡಿ ಬದಲಿಸಿದೆ. ಐದು ವರ್ಷಕ್ಕೆ ಕಾರು ಓಡಿದ್ದು 42,000 ಕಿಲೋಮೀಟರ್ ಮಾತ್ರ; ಆದರೂ ಬಿಚ್ಚಿದ ಬೆಲ್ಟನ್ನು ಹಿಂದಕ್ಕೆ ಮಡಚಿ ನೋಡಿದಾಗ ಹಲ್ಲುಗಳ ಬುಡದಲ್ಲಿ ಸಣ್ಣ ಬಿರುಕುಗಳು ಕಂಡವು. ತೋಟದ ಮನೆಯಿಂದ ಪೇಟೆಗೆ ಬಂದು ಹೋಗುವಷ್ಟೇ ಓಡುವ ಕಾರುಗಳು ನಮ್ಮಲ್ಲಿ ಬಹಳ. ರಬ್ಬರ್ ನಿಂತಲ್ಲಿಯೇ ಹಳತಾಗುತ್ತದೆ ಎಂಬುದನ್ನು ಅವುಗಳ ಯಜಮಾನರು ನೆನಪಿಡಬೇಕು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಮೊದಲ ಸಲ ಕೆಲಸ ಮಾಡಿದ ಗ್ಯಾರೇಜಿನವರು ಬೆಲ್ಟ್ ಮಾತ್ರ ಹೊಸದು ಹಾಕಿ, ಅದನ್ನು ಬಿಗಿಹಿಡಿಯುವ ಹಳೆಯ ಟೆನ್ಷನರನ್ನೇ ಉಳಿಸಿದ್ದರು. ಆರು ತಿಂಗಳಲ್ಲಿ ಅದರ ಬೇರಿಂಗ್ ಕೀರಲು ಶುರುವಾಗಿ, ಅದೇ ಬಿಚ್ಚುವ ಕೂಲಿಯನ್ನು ಎರಡನೆಯ ಸಲ ಕೊಡಬೇಕಾಯಿತು. ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ರಾಟೆಯಾದ ಐಡ್ಲರ್, ಸೋರುವ ಆಯಿಲ್ ಸೀಲ್, ಬೆಲ್ಟೇ ತಿರುಗಿಸುವಂಥದ್ದಾದರೆ ವಾಟರ್ ಪಂಪ್, ಎಲ್ಲವನ್ನೂ ಒಂದೇ ಸಲ ಮುಗಿಸುವುದು ಲೇಸು. ಸೀಲ್ ಸೋರಿ ಎಣ್ಣೆ ತಾಗಿದರೆ ಹೊಸ ಬೆಲ್ಟೂ ಬಾಳುವುದಿಲ್ಲ.

ಚೈನಿನ ಸ್ವಭಾವ ಬೇರೆ. ಅದು ಎಂಜಿನ್ನಿನ ಒಳಗೆ ಎಣ್ಣೆಯಲ್ಲಿ ಓಡುತ್ತದೆ, ಘಟ್ಟದ ಕೆಸರಾಗಲಿ ದೂಳಾಗಲಿ ಅದಕ್ಕೆ ತಾಗುವುದಿಲ್ಲ, ಇಂತಿಷ್ಟು ವರ್ಷಕ್ಕೆ ಬದಲಿಸಬೇಕೆಂಬ ಕಟ್ಟಳೆಯೂ ಸಾಮಾನ್ಯವಾಗಿ ಇಲ್ಲ. ಆದರೆ ಅದರ ಆಯುಷ್ಯವೆಲ್ಲ ಆ ಎಣ್ಣೆಯ ಮೇಲೆಯೇ ನಿಂತಿದೆ. 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕಾದ ಎಣ್ಣೆಯನ್ನು, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ, ನಾನು ಒಂದು ಸಲ 17,000 ಕಿಲೋಮೀಟರ್ ತನಕ ಎಳೆದೆ. ಅದರ ಮೇಲೆ ನಮ್ಮ ಮಳೆಗಾಲ ಬಂತು: ದಿನವೂ ಮೂರು ನಾಲ್ಕು ಕಿಲೋಮೀಟರಿನ ಓಡಾಟ, ಎಂಜಿನ್ ಪೂರಾ ಬಿಸಿಯಾಗುವುದೇ ಇಲ್ಲ, ಎಣ್ಣೆಯಲ್ಲಿ ಸೇರಿದ ತೇವವೂ ಪೆಟ್ರೋಲೂ ಆವಿಯಾಗಿ ಹೋಗುವುದಿಲ್ಲ. ಮುಂದಿನ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು ಬರತೊಡಗಿತು. ಎಣ್ಣೆಯ ಒತ್ತಡದಿಂದ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ತನ್ನ ಕೊನೆಯ ತನಕ ಚಾಚಿಕೊಂಡಿತ್ತು, ಚೈನಿನ ಪಿನ್ನುಗಳು ಸವೆದು ಅದು ಉದ್ದವಾಗಿತ್ತು. ಬೆಲ್ಟಿಗೆ ಅರ್ಧ ದಿನ ಸಾಕಾಗಿದ್ದರೆ, ಚೈನ್, ಅದು ಜಾರಿ ಓಡುವ ಗೈಡ್, ಟೆನ್ಷನರ್ ಬದಲಿಸಲು ಮುಂದಿನ ಕವರ್ ಬಿಚ್ಚಿ ಎರಡು ದಿನ ಬೇಕಾಯಿತು, ಖರ್ಚೂ ಅದಕ್ಕೆ ತಕ್ಕ ಹಾಗೆ ಏರಿತು.

ಹೀಗೆ ಬೆಲ್ಟ್ ತನ್ನ ಅವಧಿಯನ್ನು ಮೊದಲೇ ತಿಳಿಸುತ್ತದೆ, ಕಡಿಯುವ ಹೊತ್ತನ್ನು ತಿಳಿಸುವುದಿಲ್ಲ. ಚೈನಿಗೆ ಅವಧಿಯಿಲ್ಲ, ಆದರೆ ಅದು ಹೆಚ್ಚಾಗಿ ಕೂಗಿ ಹೇಳಿಯೇ ಕೆಡುತ್ತದೆ. ಘಟ್ಟದ ನಡುವೆ, ಫೋನ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ನಿಲ್ಲುವ ಭಯವನ್ನು ಲೆಕ್ಕಕ್ಕೆ ಹಿಡಿದರೆ ನನಗೆ ಚೈನೇ ಮೇಲೆನಿಸುತ್ತದೆ, ಅದೂ ಎಣ್ಣೆ ಬದಲಿಸಿದ ತಾರೀಖನ್ನು ತಪ್ಪದೆ ಬರೆದಿಡುವವರಿಗೆ. ಎಣ್ಣೆಯಲ್ಲೇ ಓಡುವ ಬೆಲ್ಟ್ ಇರುವ ಸಣ್ಣ ಎಂಜಿನ್‌ಗಳೂ ಇವೆ. ಅವಕ್ಕೆ ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಬೇಕು, ಇಲ್ಲವಾದರೆ ರಬ್ಬರ್ ಉದುರಿ ಎಣ್ಣೆಯ ಜಾಲರಿಯನ್ನು ಕಟ್ಟುತ್ತದೆ.

ಕಾರವಾರದಲ್ಲಿರುವ ತಂಗಿ ಈಗ ಹಳೆಯ ಕಾರೊಂದನ್ನು ನೋಡುತ್ತಿದ್ದಾಳೆ. ಬೆಲ್ಟಿನದಾದರೆ ಬದಲಿಸಿದ ಬಿಲ್ ತೋರಿಸಿದರೂ ತೋರಿಸದಿದ್ದರೂ ಹೊಸದಾಗಿ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡು ಎಂದಿದ್ದೇನೆ. ಚೈನಿನದಾದರೆ ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ತಣ್ಣಗಿದೆಯೆಂದು ನೋಡಿಕೊಂಡು, ಅವಳ ಎದುರಿಗೇ ಮೊದಲ ಸಲ ಸ್ಟಾರ್ಟ್ ಮಾಡಿಸಬೇಕು.