ಆಪ್ತಸಮಾಲೋಚನಾ ಕೇಂದ್ರಕ್ಕೊಂದು ಪ್ರಚಾರ ಸೇವೆ: ಮೈಸೂರಿನಲ್ಲಿ ಆರು ತಿಂಗಳ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ನಾನು ಆಪ್ತಸಮಾಲೋಚನಾ ಕೇಂದ್ರವನ್ನು ನಡೆಸುತ್ತಿದ್ದೇನೆ. ಕಾಲೇಜೊಂದರಲ್ಲಿ ಒಂಬತ್ತು ವರ್ಷ ಸಂಬಳಕ್ಕಿದ್ದು ಅನಂತರ ಸ್ವಂತವಾಗಿ ಕುಳಿತವಳಿಗೆ ಮೊದಲ ಮೂರು ತಿಂಗಳಲ್ಲೇ ಒಂದು ವಿಷಯ ಸ್ಪಷ್ಟವಾಯಿತು: ಕಾಲೇಜಿನಲ್ಲಿ ವಿದ್ಯಾರ್ಥಿಗಳು ತಾವಾಗಿ ಬಾಗಿಲು ತಟ್ಟುತ್ತಿದ್ದರು, ಆದರೆ ಇಲ್ಲಿ ಬಾಗಿಲು ಇರುವುದೇ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನಗರದ ಒಂದು ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆಯಿಂದ ಆರು ತಿಂಗಳ ಪ್ಯಾಕೇಜ್ ಪಡೆದೆ. ಆ ಸೇವೆಯ ವಿಮರ್ಶೆ ಇದು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಹೆಚ್ಚುಕಡಿಮೆ ಇದೇ ಪ್ಯಾಕೇಜನ್ನು ಇನ್ನೆರಡು ಕಡೆಯೂ ನನಗೆ ತೋರಿಸಿದ್ದರು, ಆದ್ದರಿಂದ ನನ್ನ ಮಾತು ಇಂಥ ಸೇವೆಗೆ ಸಂಬಂಧಿಸಿದ್ದೇ ಹೊರತು ಒಂದು ಕಚೇರಿಗೆ ಮಾತ್ರವಲ್ಲ.

ತಿಂಗಳ ಶುಲ್ಕ 15,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 17,700. ಗೂಗಲ್ ಜಾಹೀರಾತಿಗೆ ತಿಂಗಳಿಗೆ 6,000 ರೂಪಾಯಿ ಪ್ರತ್ಯೇಕ. ಒಂದು ಭೇಟಿಗೆ ನಾನು ತೆಗೆದುಕೊಳ್ಳುವುದು 800 ರೂಪಾಯಿ. ಅಂದರೆ ಪ್ರಚಾರದ ಖರ್ಚು ಹುಟ್ಟುವುದಕ್ಕೇ ತಿಂಗಳಿಗೆ ಮೂವತ್ತು ಭೇಟಿಗಳು ಬೇಕು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಜನರ ಮಾತನ್ನು ಮನಸ್ಸಿಟ್ಟು ಕೇಳಲು ನನ್ನಿಂದ ಆಗುವುದಿಲ್ಲವಾದ್ದರಿಂದ, ಸಹಿ ಹಾಕುವ ಮೊದಲೇ ಈ ಲೆಕ್ಕವನ್ನು ಮಾಡಬೇಕಿತ್ತು. ಪ್ಯಾಕೇಜಿನಲ್ಲಿದ್ದದ್ದು ಗೂಗಲ್ ನಕ್ಷೆಯ ಪ್ರೊಫೈಲ್, ಐದು ಪುಟಗಳ ಜಾಲತಾಣ, ತಿಂಗಳಿಗೆ ಹನ್ನೆರಡು ಇನ್‌ಸ್ಟಾಗ್ರಾಂ ಪೋಸ್ಟ್‌ಗಳು ಮತ್ತು ಜಾಹೀರಾತಿನ ನಿರ್ವಹಣೆ.

ಇವುಗಳಲ್ಲಿ ನಿಸ್ಸಂಶಯವಾಗಿ ಒಳ್ಳೆಯ ಕೆಲಸ ನಕ್ಷೆಯ ಪ್ರೊಫೈಲಿನದು. ಸಂಸ್ಥೆಯ ಹುಡುಗರು ಗೇಟು, ಪಕ್ಕದ ಮೆಟ್ಟಿಲು, ಸ್ಕೂಟರ್ ನಿಲ್ಲಿಸುವ ಜಾಗ, ಮಾತನಾಡುವ ಕೋಣೆಯ ಎರಡು ಕುರ್ಚಿಗಳು ಎಲ್ಲವನ್ನೂ ಹಗಲಿನ ಬೆಳಕಿನಲ್ಲಿ ಶ್ರದ್ಧೆಯಿಂದ ಚಿತ್ರ ತೆಗೆದರು. ಬೇರೆ ಅಂಗಡಿಗೆ ಇದು ಅಲಂಕಾರವಿರಬಹುದು. ಇಲ್ಲಿಗೆ ಬರುವವರಿಗೆ ಅದು ಧೈರ್ಯ. ಮೈಸೂರಿನಲ್ಲಿ ಎರಡು ಮಾತಾಡಿದರೆ ಮೂರನೆಯದಕ್ಕೆ ನೆಂಟಸ್ತನ ಹೊರಡುತ್ತದೆ. ಯಾವ ಕಡೆಯಿಂದ ಹತ್ತಬೇಕು, ಒಳಗೆ ಕಾಯುವಾಗ ಬೇರೆಯವರು ಎದುರಾಗುತ್ತಾರೆಯೇ ಎಂಬುದು ಮನೆಯಿಂದ ಹೊರಡುವ ಮುನ್ನವೇ ಗೊತ್ತಿದ್ದರೆ ಅರ್ಧ ಅಂಜಿಕೆ ಕಳೆಯುತ್ತದೆ. ಹೆಸರಿನ ಮುಂದೆ ‘ಮೈಸೂರಿನ ಅತ್ಯುತ್ತಮ’ ಎಂದು ಸೇರಿಸುವ ಸಲಹೆ ಬಂದಾಗ ಮಾತ್ರ ನಾನು ಒಪ್ಪಲಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ ಇರುವ ಹೆಸರೇ ನಕ್ಷೆಯಲ್ಲೂ ಇರಬೇಕೆಂಬುದು ಗೂಗಲ್‌ನದೇ ನಿಯಮ.

ಜಾಹೀರಾತಿನ ವ್ಯಾಪ್ತಿಯನ್ನು ಮೊದಲು ಕೇಂದ್ರದ ಸುತ್ತ ಐದು ಕಿಲೋಮೀಟರಿಗೆ ಕಟ್ಟಿದ್ದರು. ಬೇಕರಿಗೋ ದಂತವೈದ್ಯರಿಗೋ ಅದು ಸರಿ. ಆಪ್ತಸಮಾಲೋಚನೆಗೆ ಬರುವವರು ಹತ್ತಿರವನ್ನು ಹುಡುಕುವುದಿಲ್ಲ, ಬಹಳ ಸಲ ದೂರವನ್ನೇ ಹುಡುಕುತ್ತಾರೆ. ಮಂಡ್ಯದವರು ರೈಲು ಹತ್ತಿ ಮೈಸೂರಿಗೆ ಬರುತ್ತಾರೆ, ಕುವೆಂಪುನಗರದವರು ಬೆಂಗಳೂರಿಗೆ ಹೋಗುವ ಮಾತಾಡುತ್ತಾರೆ. ಗುರುತಿನವರ ಕಣ್ಣಿಗೆ ಬೀಳದಿರುವುದು ಇಬ್ಬರಿಗೂ ಬೇಕು. ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು, ಹುಣಸೂರುಗಳನ್ನು ಸೇರಿಸಿ ಎಂದು ನಾನು ಹೇಳಿದ ಮೇಲೆ ವ್ಯಾಪ್ತಿ ಬದಲಾಯಿತು, ಕರೆಗಳ ಸ್ವರೂಪವೂ ಬದಲಾಯಿತು. ಇದನ್ನು ತಾವಾಗಿ ಕೇಳಿ ತಿಳಿಯುವ ವ್ಯವಸ್ಥೆ ಸಂಸ್ಥೆಯಲ್ಲಿ ಇರಲಿಲ್ಲ ಎಂಬುದು ನನ್ನ ಮೊದಲ ಆಕ್ಷೇಪ.

ಎರಡನೆಯದು ಪದಗಳ ಆಯ್ಕೆ. ‘ಕೌನ್ಸೆಲಿಂಗ್’ ಎಂಬ ಪದಕ್ಕೆ ಹಣ ಕಟ್ಟಿ ಜಾಹೀರಾತು ಹಾಕಿದರೆ ಕರ್ನಾಟಕದಲ್ಲಿ ಏನಾಗುತ್ತದೆ ಎಂಬುದನ್ನು ಬೇಸಗೆ ಕಳೆದ ಕೂಡಲೇ ಕಂಡೆವು. ಸಿಇಟಿ, ನೀಟ್ ಬರೆದ ಮಕ್ಕಳ ತಂದೆತಾಯಂದಿರಿಗೆ ಕೌನ್ಸೆಲಿಂಗ್ ಎಂದರೆ ಸೀಟು ಹಂಚಿಕೆ. ‘ಆಪ್ಷನ್ ಎಂಟ್ರಿ ಹೇಗೆ ಮಾಡಬೇಕು ಮೇಡಂ, ದಾಖಲಾತಿ ಪರಿಶೀಲನೆಗೆ ಏನೇನು ತರಬೇಕು’ ಎಂದು ಕೇಳುವ ಕರೆಗಳು ಬೆಳಗಿನಿಂದ ಸಂಜೆಯವರೆಗೆ ಬಂದವು. ಅವರ ಆತಂಕ ನಿಜವಾದದ್ದೇ, ಆದ್ದರಿಂದ ಯಾರನ್ನೂ ಗದರಿಸದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣವನ್ನು ನೋಡಲು ಹೇಳಿದೆ. ಆದರೆ ಅಂಥ ಪ್ರತಿಯೊಂದು ಕ್ಲಿಕ್ಕಿಗೂ ನನ್ನ ಖಾತೆಯಿಂದ ಹಣ ಹೋಗುತ್ತಿತ್ತು. ಬೇಡವಾದ ಹುಡುಕಾಟಗಳನ್ನು ತಡೆಯುವ ಪಟ್ಟಿಯೊಂದನ್ನು ಜಾಹೀರಾತಿನಲ್ಲಿ ಸೇರಿಸಬಹುದು: ಸಿಇಟಿ, ಸೀಟು, ಕೋರ್ಸ್, ಉದ್ಯೋಗ, ಇಂಟರ್ನ್‌ಶಿಪ್ ಇತ್ಯಾದಿ. ಈ ಪಟ್ಟಿಯನ್ನು ಮೊದಲ ದಿನವೇ ಮಾಡಬೇಕಾಗಿತ್ತು, ಮಾಡಿದ್ದು ಮೂರನೆಯ ತಿಂಗಳಲ್ಲಿ.

ಅದೇ ಜಾಹೀರಾತಿನಲ್ಲಿ ನನ್ನನ್ನು ಒಮ್ಮೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದೂ ಬರೆದಿದ್ದರು. ನನ್ನದು ಮನಶ್ಶಾಸ್ತ್ರದ ಎಂ.ಎ. ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಇಲ್ಲದ ಅರ್ಹತೆಯನ್ನು ಹೆಸರಿಗೆ ಅಂಟಿಸುವುದು ಬರುವವರಿಗೆ ಮಾಡುವ ಮೋಸ. ‘ಜನ ಹುಡುಕುವ ಪದ ಅದೇ, ಮೇಡಂ’ ಎಂಬ ಉತ್ತರ ಬಂತು. ತಿದ್ದಿಸುವವರೆಗೂ ಜಾಹೀರಾತನ್ನೇ ನಿಲ್ಲಿಸಿದೆ. ಔಷಧಿ ಬರೆದುಕೊಡುತ್ತೀರಾ, ನಿದ್ದೆ ಮಾತ್ರೆ ಸಿಗುತ್ತದೆಯೇ ಎಂಬ ಕರೆಗಳು ಬರುತ್ತಿದ್ದದ್ದೂ ‘ಟ್ರೀಟ್‌ಮೆಂಟ್’ ಎಂಬ ಪದದಿಂದಲೇ. ಅಂಥವರನ್ನು ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಲು ತಿಳಿಸಿದೆ.

ಇಲ್ಲಿಯವರೆಗಿನದು ತಿದ್ದಬಹುದಾದ ತಪ್ಪು. ಮುಂದಿನದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಎರಡನೆಯ ತಿಂಗಳಲ್ಲಿ ಸಂಸ್ಥೆಯವರು ನನ್ನಲ್ಲಿಗೆ ಬಂದವರ ಫೋನ್ ಸಂಖ್ಯೆಗಳ ಪಟ್ಟಿಯನ್ನು ಕೇಳಿದರು. ಎಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಕಳಿಸಿ ಐದು ನಕ್ಷತ್ರದ ವಿಮರ್ಶೆ ಬರೆಸುವುದು ಅವರ ಕ್ರಮ. ಹೋಟೆಲು, ಜಿಮ್ಮುಗಳಿಗೆ ಹಾಗೆ ಮಾಡುತ್ತಾರಂತೆ. ನಾನು ಕೊಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಸೆಕ್ಷನ್ ಮಾನಸಿಕ ಅನಾರೋಗ್ಯವಿರುವ ವ್ಯಕ್ತಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. 24ನೆಯದು ಆ ಹಕ್ಕು ವಿದ್ಯುನ್ಮಾನ ರೂಪದ ಮಾಹಿತಿಗೂ ಅನ್ವಯಿಸುತ್ತದೆಂದು ಹೇಳುತ್ತದೆ. ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆಯೂ ಸದ್ಯ ಚಿಕಿತ್ಸೆಯಲ್ಲಿರುವವರಿಂದ ಪ್ರಶಂಸಾಪತ್ರ ಕೇಳಬಾರದೆಂದು ವಿಧಿಸುತ್ತದೆ. ಕಾನೂನನ್ನೂ ಸಂಹಿತೆಯನ್ನೂ ಬದಿಗಿಟ್ಟರೂ ಕಾರಣ ಸರಳವಾಗಿದೆ: ಎದುರಿಗೆ ಕುಳಿತು ಅತ್ತವರು ನನ್ನ ಕೋರಿಕೆಗೆ ‘ಆಗುವುದಿಲ್ಲ’ ಎನ್ನಲಾರರು, ಆದ್ದರಿಂದ ಆ ಕೋರಿಕೆಯನ್ನು ನಾನು ಮಾಡಲಾಗದು.

ಪಟ್ಟಿ ಸಿಗದಿದ್ದಾಗ ನನಗೆ ತೋರಿಸದೆಯೇ ಇನ್‌ಸ್ಟಾಗ್ರಾಂನಲ್ಲಿ ‘ನಮ್ಮಲ್ಲಿಗೆ ಬಂದವರ ಮಾತು’ ಎಂಬ ಕಾರ್ಡೊಂದು ಪ್ರಕಟವಾಯಿತು. ಮೈಸೂರಿನ ಗೃಹಿಣಿಯೊಬ್ಬರು ಹೇಳಿದಂತೆ ನಾಲ್ಕು ಸಾಲು, ಕೆಳಗೆ ವಯಸ್ಸು. ಅದು ಪೂರ್ತಿ ಕಲ್ಪಿತ. ಆದರೆ ಮರುದಿನ ಒಬ್ಬರು ಕರೆ ಮಾಡಿದರು (ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ‘ಮೇಡಂ, ಅದು ನನ್ನ ವಿಷಯ ತಾನೇ? ನೀವು ಹೀಗೆ ಹಾಕುತ್ತೀರಿ ಅಂತ ನನಗೆ ಗೊತ್ತಿರಲಿಲ್ಲ’ ಎಂದರು. ಅಲ್ಲವೆಂದು ಹೇಳಿದೆ, ಹೇಗಾಯಿತೆಂದು ವಿವರಿಸಿದೆ, ಕ್ಷಮೆ ಕೇಳಿದೆ. ಕಾರ್ಡನ್ನು ಅರ್ಧ ಗಂಟೆಯೊಳಗೆ ತೆಗೆಸಿದೆ. ಮನೆಯಲ್ಲಿ ಯಾರಿಗೂ ಹೇಳದೆ, ತರಕಾರಿಗೆ ಹೋಗುತ್ತೇನೆಂದು ಹೊರಟು, ಮೂರು ಭೇಟಿಗಳವರೆಗೂ ಮಾತಿಗೆ ಮಾತು ಕೂಡಿಸಿಕೊಂಡು ಬಂದಿದ್ದವರು ನಾಲ್ಕನೆಯ ಭೇಟಿಗೆ ಬರಲಿಲ್ಲ. ಆಮೇಲೂ ಬಂದಿಲ್ಲ. ಸುಳ್ಳು ಪ್ರಶಂಸೆ ಓದುಗರಿಗೆ ಮಾಡುವ ಮೋಸವೆಂದು ಮಾತ್ರ ನಾನು ತಿಳಿದಿದ್ದೆ. ಅದು ಒಳಗಿರುವವರ ನಂಬಿಕೆಯನ್ನೂ ಕಡಿಯುತ್ತದೆಂಬುದನ್ನು ಅಂದು ಕಂಡೆ.

ವಿಮರ್ಶೆಗಳಿಗೆ ಉತ್ತರ ಬರೆಯುವುದರಲ್ಲೂ ಇಂಥದೇ ಅಪಾಯವಿದೆ. ಒಬ್ಬರು ತಾವಾಗಿ ಒಂದು ಒಳ್ಳೆಯ ಮಾತು ಬರೆದಿದ್ದರು; ಸಂಸ್ಥೆಯವರು ‘ನಮ್ಮ ಕೇಂದ್ರಕ್ಕೆ ಬಂದಿದ್ದಕ್ಕೆ ಧನ್ಯವಾದಗಳು’ ಎಂದು ಉತ್ತರಿಸಿದರು. ಆ ವ್ಯಕ್ತಿ ನನ್ನಲ್ಲಿಗೆ ಬಂದದ್ದನ್ನು ನನ್ನ ಕಡೆಯಿಂದ ಬಹಿರಂಗವಾಗಿ ದೃಢಪಡಿಸಿದಂತಾಯಿತಲ್ಲ! ಈಗ ಯಾವ ವಿಮರ್ಶೆಗೂ ನಾವು ಉತ್ತರಿಸುವುದಿಲ್ಲ. ಜಾಲತಾಣವನ್ನು ಒಮ್ಮೆ ನೋಡಿದವರ ಹಿಂದೆಯೇ ಜಾಹೀರಾತು ಹೋಗುವಂತೆ ಮಾಡುವ ಯೋಜನೆಯನ್ನೂ ತಂದಿದ್ದರು. ವ್ಯಕ್ತಿಯ ಆರೋಗ್ಯಸ್ಥಿತಿಯನ್ನು ಆಧರಿಸಿ ಹಾಗೆ ಬೆನ್ನುಹತ್ತುವುದನ್ನು ಗೂಗಲ್‌ನ ಜಾಹೀರಾತು ನೀತಿ ಒಪ್ಪುವುದಿಲ್ಲ. ಒಂದೇ ಮೊಬೈಲನ್ನು ಗಂಡ, ಹೆಂಡತಿ, ಮಗಳು ಮೂವರೂ ನೋಡುವ ಮನೆಯಲ್ಲಿ ದಾಂಪತ್ಯ ಸಮಾಲೋಚನೆಯ ಜಾಹೀರಾತು ಮತ್ತೆ ಮತ್ತೆ ಕಾಣಿಸಿಕೊಂಡರೆ ಏನಾದೀತೆಂದು ಕೇಳಿದಾಗ, ಆ ಯೋಜನೆಯನ್ನು ತಂದ ತರುಣರು ತಾವೇ ಅದನ್ನು ಕೈಬಿಟ್ಟರು. ಅವರಲ್ಲಿ ದುರುದ್ದೇಶ ಇರಲಿಲ್ಲ ಎಂಬುದನ್ನು ನಾನು ನ್ಯಾಯವಾಗಿ ಹೇಳಲೇಬೇಕು.

ಈಗ ಫಲಿತಾಂಶ. ಆರು ತಿಂಗಳಲ್ಲಿ ಈ ಪ್ರಚಾರದಿಂದ ಬಂದ ಕರೆಗಳು 118. ಸೀಟು ಹಂಚಿಕೆಯವು 41, ಕೋರ್ಸು ಮತ್ತು ಕೆಲಸ ಕೇಳಿದವು 22, ಔಷಧಿಗಾಗಿ 17. ಉಳಿದ 38ರಲ್ಲಿ 21 ಜನ ಬಂದರು, ಒಂಬತ್ತು ಜನ ನಾಲ್ಕನೆಯ ಭೇಟಿಯನ್ನು ದಾಟಿದರು. ಆ ಒಂಬತ್ತರಲ್ಲಿ ಏಳು ಜನ ಬಂದದ್ದು ನಕ್ಷೆಯಲ್ಲಿ ಹುಡುಕಿ, ಜಾಲತಾಣದ ಕನ್ನಡ ಪುಟವನ್ನು ಓದಿ, ಇಬ್ಬರು ಜಾಹೀರಾತಿನಿಂದ. ಇನ್‌ಸ್ಟಾಗ್ರಾಂನಿಂದ ಯಾರೂ ಇಲ್ಲ.

ಆ ಕನ್ನಡ ಪುಟವನ್ನು ನಾನೇ ಬರೆದದ್ದು. ‘ಮೊದಲ ದಿನ ಏನು ನಡೆಯುತ್ತದೆ’ ಎಂಬುದು ಅದರ ತಲೆಬರಹ. ಎಷ್ಟು ಹೊತ್ತು, ಎಷ್ಟು ಹಣ, ಹೆಸರು ಹೇಳಲೇಬೇಕೇ, ಬರೆದುಕೊಂಡದ್ದನ್ನು ಎಲ್ಲಿಡುತ್ತೇನೆ, ಜೀವಕ್ಕೆ ಅಪಾಯವಿರುವಂಥ ಯಾವ ಸಂದರ್ಭದಲ್ಲಿ ಮಾತ್ರ ಗೋಪ್ಯತೆಯನ್ನು ಮುರಿಯಬೇಕಾಗುತ್ತದೆ ಎಂಬುದೆಲ್ಲ ಅದರಲ್ಲಿದೆ. ಶುಲ್ಕವನ್ನು ಬಹಿರಂಗವಾಗಿ ಹಾಕಬೇಡಿ, ಕರೆ ಮಾಡಿದಾಗ ಹೇಳಿದರೆ ಸಾಕು ಎಂದು ಸಂಸ್ಥೆ ಸಲಹೆ ಕೊಟ್ಟಿತ್ತು. ಹಾಕಿದ ಮೇಲೆ ಹಣದ ಸಂಕೋಚದಿಂದ ಮಾತನ್ನು ಅರ್ಧಕ್ಕೆ ನಿಲ್ಲಿಸುವ ಕರೆಗಳು ಕಡಿಮೆಯಾದವು. ನಮ್ಮ ಜನ ‘ಡಿಪ್ರೆಷನ್’ ಎಂದು ಹುಡುಕುವುದಕ್ಕಿಂತ ಹೆಚ್ಚಾಗಿ ‘ರಾತ್ರಿ ನಿದ್ದೆ ಬರಲ್ಲ’, ‘ಯಾವುದರಲ್ಲೂ ಮನಸ್ಸಿಲ್ಲ’, ‘ಮಗ ಮಾತೇ ಆಡಲ್ಲ’ ಎಂದು ಹೇಳಿಕೊಳ್ಳುತ್ತಾರೆ. ಪುಟದಲ್ಲಿ ಆ ಮಾತುಗಳನ್ನೇ ಇಟ್ಟೆ. ಕೊನೆಯಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಸೇರಿಸಿದ್ದೇನೆ. ಉಚಿತ ಸೇವೆಯ ಸಂಖ್ಯೆಯನ್ನು ಕೊಟ್ಟರೆ ಬರುವವರು ಅತ್ತ ಹೋಗುತ್ತಾರೆಂದು ಸಂಸ್ಥೆಯವರು ಎಚ್ಚರಿಸಿದರು. ಮಧ್ಯರಾತ್ರಿ ಎರಡಕ್ಕೆ ನನ್ನ ಫೋನ್ ಆಫ್ ಇರುತ್ತದೆ, ಆಗ ಹುಡುಕುವವರಿಗೆ ಆ ಸಂಖ್ಯೆ ಬೇಕು.

ಅವರ ಮೊದಲ ಪ್ರಸ್ತುತಿಯಲ್ಲಿ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿಯೊಂದಿತ್ತು: ವಿವಿಧ ಮಾನಸಿಕ ತೊಂದರೆಗಳಿರುವವರಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ದೊರೆತಿಲ್ಲ ಎಂಬುದು. ‘ಇಷ್ಟು ದೊಡ್ಡ ಮಾರುಕಟ್ಟೆ’ ಎಂದು ಅದರ ಕೆಳಗೆ ಬರೆದಿದ್ದರು. ಆ ಜನ ಬಾರದಿರುವುದು ಜಾಹೀರಾತು ಕಾಣದೆ ಅಲ್ಲ. ನಾಚಿಕೆ, ಹಣ, ದೂರ, ನಮಗಿರುವುದು ಕಾಯಿಲೆಯೆಂದೇ ತಿಳಿಯದಿರುವುದು, ಇವು ಅವರನ್ನು ತಡೆದಿವೆ. ಹಾಗೆಂದು ಜನರ ಬಳಿಗೆ ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಕೇಂದ್ರವನ್ನು ತೆರೆದು, ಮೈಸೂರಿಗೆ ಆಕಾಶವಾಣಿಯನ್ನು ಕೊಟ್ಟ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. ಅದೇ ಆರು ತಿಂಗಳಲ್ಲಿ ನಾನು ಬಡಾವಣೆಯ ಇಬ್ಬರು ವೈದ್ಯರಿಗೆ ಪತ್ರ ಬರೆದು ಭೇಟಿಯಾದೆ, ಒಂದು ಮಹಿಳಾ ಸಮಾಜದಲ್ಲಿ ನಿದ್ದೆ ಮತ್ತು ಚಿಂತೆಯ ಬಗ್ಗೆ ಒಂದು ಗಂಟೆ ಮಾತಾಡಿದೆ. ಅವೆರಡರಿಂದ ಬಂದವರು ಹದಿನಾಲ್ಕು ಜನ; ಖರ್ಚಾದದ್ದು ಆಟೋ ಬಾಡಿಗೆ.

ಪ್ಯಾಕೇಜನ್ನು ನಾನು ಮುಂದುವರಿಸಲಿಲ್ಲ, ಆದರೆ ಸಂಸ್ಥೆಯನ್ನು ಪೂರ್ತಿ ಬಿಟ್ಟೂ ಇಲ್ಲ. ಈಗ ತಿಂಗಳಿಗೆ 3,500 ರೂಪಾಯಿ ಮತ್ತು ಜಿಎಸ್‌ಟಿಗೆ ನಕ್ಷೆಯ ಪ್ರೊಫೈಲ್ ಹಾಗೂ ಜಾಲತಾಣವನ್ನಷ್ಟೇ ಅವರು ನೋಡಿಕೊಳ್ಳುತ್ತಾರೆ, ಮತ್ತು ಆ ಕೆಲಸಕ್ಕೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇಡೀ ಪ್ಯಾಕೇಜಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಹೊಸ ಕರಾರಿನಲ್ಲಿ ಮೂರು ಷರತ್ತುಗಳನ್ನು ಬರೆಸಿದ್ದೇನೆ: ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಸಾಲೂ ಪ್ರಕಟವಾಗಕೂಡದು, ಬಂದವರ ಮಾತು ನಿಜವಾಗಲಿ ಕಲ್ಪಿತವಾಗಲಿ ಎಲ್ಲಿಯೂ ಬರಕೂಡದು, ಮತ್ತು ಎಲ್ಲ ಖಾತೆಗಳ ಮಾಲೀಕತ್ವ ನನ್ನ ಹೆಸರಿನಲ್ಲಿರಬೇಕು. ಮೂರನೆಯದಕ್ಕೆ ಕಾರಣವಿದೆ. ನಕ್ಷೆಯ ಪ್ರೊಫೈಲನ್ನು ಅವರು ತಮ್ಮ ಇಮೇಲ್‌ನಿಂದ ತೆರೆದಿದ್ದರು, ಅದನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಳ್ಳಲು ಮೂರು ವಾರ ಹಿಡಿಯಿತು. ಹೊಸದಾಗಿ ಕೇಂದ್ರ ತೆರೆಯುವವರು ಮೊದಲ ದಿನವೇ ತಮ್ಮ ಇಮೇಲ್‌ನಲ್ಲಿ ಪ್ರೊಫೈಲ್ ತೆರೆದು, ಸಂಸ್ಥೆಯವರನ್ನು ನಿರ್ವಾಹಕರಾಗಿ ಮಾತ್ರ ಸೇರಿಸಿಕೊಳ್ಳಲಿ.