ಪೋರ್ಫೈರಿಯಾ ಪರೀಕ್ಷೆಗೆ ಕಲಬುರಗಿಯ ಕಲೆಕ್ಷನ್ ಸೆಂಟರ್: ರಕ್ತ ಕೊಡಿ, ಮೂತ್ರದ ಬಗ್ಗೆ ಎಚ್ಚರ

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತುವಿನ ತಯಾರಿ ಎಡವಿ, ಹೊಟ್ಟೆನೋವಿನ ದಾಳಿ ತರುವ ವಂಶಪಾರಂಪರ್ಯದ ಕಾಯಿಲೆ ಇಲ್ಲಿ ಹೇಳುವ ಪೋರ್ಫೈರಿಯಾ. ಅದಕ್ಕೆ ಕಾರಣವಾದ ದೋಷ ಹುಡುಕುವ ಎಚ್‌ಎಂಬಿಎಸ್ ಜೀನ್ ಪರೀಕ್ಷೆಗೆಂದು ಕಲಬುರಗಿಯವರು ಹೈದರಾಬಾದಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಿಲ್ಲ, ಟ್ಯೂಬ್ ಹೋದರೆ ಸಾಕು. ನಗರದ ಒಂದು ಖಾಸಗಿ ಕಲೆಕ್ಷನ್ ಸೆಂಟರ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ 3 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ಮೆಲ್ಲಗೆ ಎಂಟು-ಹತ್ತು ಸಲ ಮಗುಚಿ, ಜೆಲ್ ಪ್ಯಾಕಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಫ್ರೀಜರಿಗೆ ಹಾಕುವುದಿಲ್ಲ, ಅದೂ ಸರಿ.

ಅವರು ಎಡವುವುದು ಮೂತ್ರದಲ್ಲಿ. ಹೊಟ್ಟೆನೋವಿನ ದಾಳಿಯಲ್ಲಿ ಮೊದಲು ಬೇಕಾದದ್ದೇ ಈ ಪರೀಕ್ಷೆ. ಎಚ್‌ಎಂಬಿಎಸ್ ಎಂಬುದು ಹೀಮ್ ತಯಾರಿಯ ಮೂರನೇ ಕಿಣ್ವದ ಜೀನ್, 11ನೇ ಕ್ರೋಮೋಸೋಮಿನಲ್ಲಿದೆ. ನಾಲ್ಕು ಪೋರ್ಫೋಬಿಲಿನೋಜೆನ್ (ಪಿಬಿಜಿ) ಅಣುಗಳನ್ನು ಪೋಣಿಸುವುದು ಆ ಕಿಣ್ವದ ಕೆಲಸ. ಅದು ಅರ್ಧಕ್ಕಿಳಿದವರಿಗೆ ದಾಳಿ ಬಂದಾಗ ಪಿಬಿಜಿ ಮೂತ್ರಕ್ಕೆ ಹಲವು ಪಟ್ಟು ಹೆಚ್ಚಾಗಿ ಇಳಿಯುತ್ತದೆ. ನೋವಿರುವಾಗಲೇ ಹಿಡಿದ ಒಂದು ಸಲದ ಮೂತ್ರ ಸಾಕು, ಜೊತೆಗೆ ಮೂತ್ರ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ನೋಡಬೇಕು. ಆದರೆ ಇಲ್ಲಿ ಪಾರದರ್ಶಕ ಡಬ್ಬಿಯನ್ನು ಕಿಟಕಿ ಪಕ್ಕದ ಮೇಜಿನ ಮೇಲೇ ಬಿಡುತ್ತಾರೆ. ಬೆಳಕಿಗೂ ಬಿಸಿಗೂ ಪಿಬಿಜಿ ಕೆಡುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ವರದಿ ಸುಳ್ಳೇ ನಾರ್ಮಲ್ ಬರಬಹುದು, ರೋಗಿ ಅಪೆಂಡಿಕ್ಸ್ ಆಪರೇಷನ್ನಿಗೆ ಹೋಗಬಹುದು. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಮನೆಯಿಂದಲೇ ಒಯ್ದು ಡಬ್ಬಿಗೆ ಸುತ್ತಿ, ಕೂಡಲೇ ಫ್ರಿಜ್ಜಿಗೆ ಇಡಿಸಿ. ಆಸಿಡ್ ಹಾಕಿದ ಕ್ಯಾನ್ ಕೊಟ್ಟರೆ ಬೇಡವೆನ್ನಿ, ಅದರಲ್ಲೂ ಪಿಬಿಜಿ ಉಳಿಯದು. ಫಾರ್ಮಿನಲ್ಲಿ ‘ಪೋರ್ಫೈರಿನ್’ ಎಂದಷ್ಟೇ ಬರೆದಿದ್ದರೆ ‘ಪಿಬಿಜಿ’ ಎಂದು ತಿದ್ದಿಸಿ: ಪೋರ್ಫೈರಿನ್ ಲಿವರ್ ತೊಂದರೆಗೂ ಸೀಸದ ವಿಷಕ್ಕೂ ಏರುತ್ತದೆ.

ಫೋನಿನಲ್ಲಿ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎನ್ನುವುದನ್ನು ಮಾತ್ರ ಒಪ್ಪಲಾಗದು. ಉಪವಾಸವಿದ್ದರೆ ಲಿವರಿನಲ್ಲಿ ಹೀಮ್ ದಾರಿಯ ಮೊದಲ ಕಿಣ್ವ ಚುರುಕಾಗಿ ದಾಳಿಯೇ ಶುರುವಾಗಬಹುದು. ಈ ಎರಡು ಪರೀಕ್ಷೆಗೂ ಉಪವಾಸದ ಅಗತ್ಯವಿಲ್ಲ, ಉಂಡೇ ಹೋಗಿ.

ದುಡ್ಡು ಕಟ್ಟುವ ಮುನ್ನ ಪ್ಯಾಕೇಜ್ ಓದಿ. ಜೀನಿನ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಮಾತ್ರ ಮಾಡಿದರೆ, ಜೀನಿನ ದೊಡ್ಡ ತುಂಡೇ ಕಳೆದುಹೋಗಿರುವುದು ಕಣ್ಣು ತಪ್ಪಬಹುದು. ಅಂಥ ತುಂಡನ್ನು ಹಿಡಿಯುವ ಎಂಎಲ್‌ಪಿಎ ಪರೀಕ್ಷೆ ಕೂಡ ಇರಲಿ. ಒಬ್ಬರಲ್ಲಿ ದೋಷ ಸಿಕ್ಕ ಮೇಲೆ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳಿಗೆ ಪೂರ್ತಿ ಪರೀಕ್ಷೆ ಬೇಡ. ಆ ಒಂದು ಜಾಗವನ್ನಷ್ಟೇ ನೋಡುವ ಅಗ್ಗದ ಪರೀಕ್ಷೆ ಕೇಳಿ. ಕೌಂಟರಿನವರು ತಾವಾಗಿ ಅದನ್ನು ಹೇಳುವುದಿಲ್ಲ. ದೋಷವಿರುವ ಹೆಚ್ಚಿನವರಿಗೆ ಜೀವಮಾನದಲ್ಲಿ ದಾಳಿ ಬರುವುದೇ ಇಲ್ಲ, ಆದರೂ ಫಿನೈಟೋಯಿನ್, ಬಾರ್ಬಿಚುರೇಟ್, ಸಲ್ಫಾ ಮಾತ್ರೆ ಬರೆಯುವ ವೈದ್ಯರಿಗೆ ಆ ವರದಿ ಮೊದಲೇ ತೋರಿಸಬೇಕು.